ಗದ್ದೆಯ ಕೆಸರಿನಲ್ಲಿ ಕೊನೆಯ ಪಂಕ್ತಿ



ದಾವಣಗೆರೆ ಎಂದೊಡನೆ ನಿಮಗೆ ಬೆಣ್ಣೆದೋಸೆ ನೆನಪಾಗಬಹುದು, ಮಂಡಕ್ಕಿ ನೆನಪಾಗಬಹುದು. ಎರಡಕ್ಕೂ ಮೂಲ ಭತ್ತ. ಭತ್ತಕ್ಕೆ ಮೂಲ ನೀರು ನಿಂತ ಗದ್ದೆ. ಶಾಮನೂರು ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿದೆ. ಆದರೂ ಊರಿನಿಂದ ಸ್ವಲ್ಪ ಹೊರಬಿದ್ದು ಹರಿಹರದ ಕಡೆಗೋ ಮಲೇಬೆನ್ನೂರಿನ ಕಡೆಗೋ ನಡೆದರೆ, ಭದ್ರಾ ನಾಲೆಯ ನೀರುಂಡ ಗದ್ದೆಗಳು ಎದುರಾಗುತ್ತವೆ. ಮೇಲಿನ ಹಸಿರು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಕೆಳಗಿನ ಕೆಸರಿನಲ್ಲಿ ನಡೆಯುವ ವ್ಯಾಪಾರ ಮಾತ್ರ ನಮ್ಮ ಕ್ಯಾಮೆರಾಗೂ ಕಾಣುವುದಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಇದೊಂದು ತೊಡಕಿನ ವಿಷಯ. ಹಾಗಾಗಿ ಇಂದು ಚಿತ್ರಕ್ಕಿಂತ ಮಾತನ್ನೇ ಹೆಚ್ಚು ನೆಚ್ಚಬೇಕಾಗಿದೆ.

ಮೊದಲು ಒಂದು ಜಮಾಖರ್ಚು ನೋಡೋಣ. ಗಿಡಮರಗಳು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ, ಬಿಸಿಲಿನ ನೆರವಿನಿಂದ ಸಕ್ಕರೆಯಾಗಿ, ನಾರಾಗಿ, ಕಾಳಾಗಿ ಮಾಡಿಕೊಳ್ಳುತ್ತವೆ. ಎಲೆ ಉದುರಿದಾಗ, ಬೇರು ಸತ್ತಾಗ ಆ ಇಂಗಾಲ ಮಣ್ಣಿಗೆ ಸೇರುತ್ತದೆ. ಇಡೀ ಭೂಮಿಯ ಮೇಲ್ಮಣ್ಣಿನ ಒಂದು ಮೀಟರ್ ಆಳದೊಳಗೆ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಸಾವಯವ ಇಂಗಾಲ ಇದೆಯೆಂದು ಅಂದಾಜು. ವಾಯುಮಂಡಲದಲ್ಲಿ ಇರುವುದು ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮಣ್ಣಿನ ಈ ತಿಜೋರಿಯ ಬೀಗದ ಕೈ ಸೂಕ್ಷ್ಮಜೀವಿಗಳ ಹತ್ತಿರ ಇದೆ. ಅವು ಕಸಕಡ್ಡಿಯನ್ನು ಕೊಳೆಸಿ ವರ್ಷಕ್ಕೆ ಸುಮಾರು 6,000 ಕೋಟಿ ಟನ್ ಇಂಗಾಲವನ್ನು ಮರಳಿ ಗಾಳಿಗೆ ಬಿಡುತ್ತವೆ. ಮನುಷ್ಯ ಕಲ್ಲಿದ್ದಲು, ಪೆಟ್ರೋಲ್, ಅನಿಲಗಳನ್ನು ಉರಿಸಿ ಬಿಡುವುದು ಸುಮಾರು 1,000 ಕೋಟಿ ಟನ್. ಹಾಗಾದರೆ ತಪ್ಪೆಲ್ಲ ಸೂಕ್ಷ್ಮಜೀವಿಗಳದೇ ಎಂದು ತೀರ್ಮಾನಿಸಬೇಡಿ. ಅವು ಬಿಡುವಷ್ಟನ್ನು ಗಿಡಗಳು ಮತ್ತೆ ಹೀರಿ ಲೆಕ್ಕ ಸರಿದೂಗಿಸುತ್ತವೆ. ನಾವು ಉರಿಸಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಗಾಳಿಯಲ್ಲೇ ಉಳಿದುಬಿಡುತ್ತದೆ.

ಈ ಲೆಕ್ಕದಲ್ಲಿ ನೀರು ನಿಂತ ಗದ್ದೆಗೆ ಒಂದು ವಿಶೇಷ ಸ್ಥಾನವಿದೆ. ಏಕೆಂದರೆ ಅಲ್ಲಿ ಇಂಗಾಲವು ಡೈ ಆಕ್ಸೈಡಿನ ರೂಪದಲ್ಲಿ ಮಾತ್ರವಲ್ಲದೆ ಮೀಥೇನ್ ಎಂಬ ಅನಿಲದ ರೂಪದಲ್ಲೂ ಹೊರಬರುತ್ತದೆ. ಮೀಥೇನ್ ನಿಮಗೆ ಹೊಸದೇನಲ್ಲ. ಹಿತ್ತಿಲಿನ ಗೋಬರ್ ಗ್ಯಾಸ್ ತೊಟ್ಟಿಯಿಂದ ಬಂದು ಒಲೆಯಲ್ಲಿ ನೀಲಿಯಾಗಿ ಉರಿಯುವುದು ಇದೇ. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ 1980ರ ದಶಕದ ಕೊನೆಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರು ಇದೇ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪವನ್ನೂ ನಲ್ಲಿ ನೀರನ್ನೂ ಕೊಟ್ಟರು. ತೊಟ್ಟಿಯೊಳಗೆ ಹಿಡಿದಿಟ್ಟರೆ ಮೀಥೇನ್ ಇಂಧನ. ಗಾಳಿಗೆ ಬಿಟ್ಟರೆ ಹೊರೆ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ, ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ತಡೆದಿಡುತ್ತದೆ. ಮನುಷ್ಯನ ಚಟುವಟಿಕೆಯಿಂದ ಹೊರಬೀಳುವ ಮೀಥೇನಿನಲ್ಲಿ ಭತ್ತದ ಗದ್ದೆಗಳ ಪಾಲು ಶೇಕಡಾ 10ರ ಆಸುಪಾಸಿನಲ್ಲಿದೆ.

ಇದನ್ನು ತಯಾರಿಸುವವರು ಯಾರು? ನಮ್ಮ ಕಡೆಯ ಮದುವೆ ಊಟವನ್ನು ನೆನಪಿಸಿಕೊಳ್ಳಿ. ಮೊದಲ ಪಂಕ್ತಿಯವರಿಗೆ ಎಲೆಯ ತುಂಬ ಬಡಿಸುತ್ತಾರೆ. ಕೊನೆಯ ಪಂಕ್ತಿಯವರು ಉಳಿದದ್ದನ್ನು ಉಣ್ಣಬೇಕು. ಮಣ್ಣಿನಲ್ಲೂ ಇದೇ ಕ್ರಮ. ಕೊಳೆಸುವ ಕೆಲಸದಿಂದ ಶಕ್ತಿ ಪಡೆಯಬೇಕಾದರೆ ಸೂಕ್ಷ್ಮಜೀವಿಯು ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಯಾವುದಾದರೂ ಒಂದು ವಸ್ತುವಿಗೆ ಒಪ್ಪಿಸಬೇಕು. ಆಮ್ಲಜನಕ ಇದ್ದರೆ ಅದಕ್ಕೇ ಒಪ್ಪಿಸುವುದು ಅತ್ಯಂತ ಲಾಭದಾಯಕ. ಗದ್ದೆಗೆ ನೀರು ಕಟ್ಟಿದ ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ, ಕೆಸರಿನೊಳಗಿನ ಆಮ್ಲಜನಕ ಮುಗಿದುಹೋಗುತ್ತದೆ. ಆಗ ನೈಟ್ರೇಟನ್ನು ಬಳಸುವವರ ಸರದಿ. ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್. ಇವೆಲ್ಲ ಮುಗಿದ ಮೇಲೆ ಕೊನೆಯ ಪಂಕ್ತಿಗೆ ಕೂರುವವು ಮೀಥೇನ್‌ಜನಕ ಜೀವಿಗಳು. ಅವಕ್ಕೆ ಸಿಗುವುದು ಉಳಿಕೆ ಪಳಿಕೆ: ಒಂದಿಷ್ಟು ಅಸಿಟೇಟ್, ಒಂದಿಷ್ಟು ಜಲಜನಕ, ಇಂಗಾಲದ ಡೈ ಆಕ್ಸೈಡ್. ಅದರಲ್ಲೇ ಬದುಕುತ್ತವೆ, ಬದುಕಿದ್ದಕ್ಕೆ ಗುರುತಾಗಿ ಮೀಥೇನ್ ಬಿಡುತ್ತವೆ.

ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳವಾಗಿರುತ್ತದೆ. ಹಾಗಾಗಿ ಅಲ್ಲಿ ಕಬ್ಬಿಣದ ಪಂಕ್ತಿ ಬೇಗ ಏಳುವುದಿಲ್ಲ, ಮೀಥೇನ್ ಹುಟ್ಟುವುದು ತಡವಾಗುತ್ತದೆ. ಒಂದೇ ನಾಲೆಯ ನೀರು ಹರಿಯುವ ಎರಡು ಗದ್ದೆಗಳು ಒಂದೇ ಪ್ರಮಾಣದಲ್ಲಿ ಮೀಥೇನ್ ಬಿಡಬೇಕೆಂಬ ನಿಯಮವಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ವಂಶವಾಹಿಗಳ, ಅಂದರೆ ಜೀನ್‌ಗಳ ವಿಷಯಕ್ಕೆ ಬರೋಣ. ಮೀಥೇನ್‌ಜನಕಗಳನ್ನು ಬಹುಕಾಲ ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವುಗಳ ರೈಬೋಸೋಮಿನ ಆರ್‌ಎನ್‌ಎಯನ್ನು ಬೇರೆ ಜೀವಿಗಳದರೊಡನೆ ಹೋಲಿಸಿ ನೋಡಿದರು. 1977ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಜೀವವಿಜ್ಞಾನಿಗಳನ್ನು ಬೆರಗುಗೊಳಿಸಿತು: ಇವು ಬ್ಯಾಕ್ಟೀರಿಯಾಗಳ ದಾಯಾದಿಗಳೂ ಅಲ್ಲ, ಪ್ರತ್ಯೇಕವಾದ ಮೂರನೆಯ ವಂಶವೇ ಆಗಿವೆ. ಈ ವಂಶಕ್ಕೆ ಈಗ ಆರ್ಕಿಯಾ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗದ ಭೇದವನ್ನು ವಂಶವಾಹಿಯ ಬರಹ ಬಯಲು ಮಾಡಿತು.

ಮೀಥೇನ್ ತಯಾರಿಕೆಯ ಕೊನೆಯ ಹೆಜ್ಜೆಯನ್ನು ನಡೆಸುವ ಕಿಣ್ವವೊಂದಿದೆ. ಅದರ ಹೆಸರು ಮೀಥೈಲ್ ಕೋಎನ್‌ಜೈಮ್ ಎಂ ರಿಡಕ್ಟೇಸ್. ಹೆಸರು ಉದ್ದವಾಯಿತೆಂದು ಹೆದರಬೇಡಿ. ಅದರ ನಡುವೆ ಒಂದು ನಿಕಲ್ ಪರಮಾಣು ಕುಳಿತಿರುತ್ತದೆ ಎಂಬುದನ್ನಷ್ಟೇ ಗಮನಿಸಿ. ಎಲೆಯ ಹಸಿರಿನ ನಡುವೆ ಮೆಗ್ನೀಸಿಯಮ್, ನಮ್ಮ ರಕ್ತದ ಕೆಂಪಿನ ನಡುವೆ ಕಬ್ಬಿಣ, ಕೆಸರಿನ ಈ ಜೀವಿಯ ಕಿಣ್ವದ ನಡುವೆ ನಿಕಲ್. ಮೂರಕ್ಕೂ ಸುತ್ತಲಿನ ಉಂಗುರದ ಕಟ್ಟಡ ಹೆಚ್ಚುಕಡಿಮೆ ಒಂದೇ ಬಗೆಯದು. ಈ ಕಿಣ್ವದ ಒಂದು ಭಾಗವನ್ನು ಬರೆದಿಟ್ಟಿರುವ ವಂಶವಾಹಿಗೆ ಎಂ-ಸಿ-ಆರ್-ಎ ಎಂದು ಹೆಸರಿಟ್ಟಿದ್ದಾರೆ. ಈವರೆಗೆ ತಿಳಿದ ಮೀಥೇನ್‌ಜನಕಗಳಲ್ಲೆಲ್ಲ ಇದು ಇದೆ. ಆದ್ದರಿಂದ ಮಣ್ಣಿನಲ್ಲಿ ಈ ವಂಶವಾಹಿ ಸಿಕ್ಕಿತೆಂದರೆ, ಅವು ಅಲ್ಲಿ ಇವೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇಂಥ ಸಾಕ್ಷಿ ಏಕೆ ಬೇಕಾಯಿತು? ಒಂದು ಗ್ರಾಂ ಮಣ್ಣಿನಲ್ಲಿ ನೂರು ಕೋಟಿಗೂ ಮಿಕ್ಕಿ ಸೂಕ್ಷ್ಮಜೀವಿಗಳು, ಸಾವಿರಾರು ಬಗೆಗಳವು, ಇರಬಲ್ಲವು. ಪ್ರಯೋಗಾಲಯದ ತಟ್ಟೆಯಲ್ಲಿ ಸಾಮಾನ್ಯ ವಿಧಾನದಿಂದ ಬೆಳೆಸಲು ಹೋದರೆ ನೂರರಲ್ಲಿ ಒಂದು ಬೆಳೆದರೆ ಹೆಚ್ಚು. ಉಳಿದವನ್ನು ತಿಳಿಯಲು ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಮಣ್ಣಿನಿಂದ ನೇರವಾಗಿ ಡಿಎನ್‌ಎಯನ್ನು ಬಿಡಿಸಿ ತೆಗೆದು, 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್ ವಿಧಾನದಿಂದ ತಮಗೆ ಬೇಕಾದ ವಂಶವಾಹಿಯನ್ನು ಕೋಟಿಗಟ್ಟಲೆ ಪ್ರತಿ ಮಾಡಿಕೊಂಡು ಎಣಿಸತೊಡಗಿದರು. ಒಂದು ಹಿಡಿ ಮಣ್ಣಿನ ಎಲ್ಲ ಜೀವಿಗಳ ವಂಶವಾಹಿಗಳನ್ನು ಒಟ್ಟಿಗೇ ಓದುವ ವಿದ್ಯೆಗೆ ಮೆಟಾಜೀನೋಮಿಕ್ಸ್ ಎನ್ನುತ್ತಾರೆ. ಈ ಕ್ಷೇತ್ರಕ್ಕೆ ಹೆಸರು ತಂದುಕೊಟ್ಟ 'ಮೆಟಾಜೀನೋಮ್' ಎಂಬ ಪದ ಬಳಕೆಗೆ ಬಂದದ್ದು 1998ರಲ್ಲಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹೋಟೆಲಿನ ಬೋರ್ಡಿನ ಮೇಲೆ ಹತ್ತು ತಿಂಡಿಗಳ ಹೆಸರಿರುತ್ತದೆ. ಹೆಸರಿದ್ದ ಮಾತ್ರಕ್ಕೆ ಆ ಹತ್ತೂ ಈಗ ಒಲೆಯ ಮೇಲಿವೆ ಎಂದೇನೂ ಅಲ್ಲ. ಡಿಎನ್‌ಎ ಆ ಬೋರ್ಡು ಇದ್ದಂತೆ, ಮಾಡಬಲ್ಲದ್ದರ ಪಟ್ಟಿ. ಯಾವ ತಿಂಡಿ ನಿಜವಾಗಿ ಬೇಯುತ್ತಿದೆ ಎಂದು ತಿಳಿಯಲು ಅಡಿಗೆಮನೆಗೆ ಹೋದ ಚೀಟಿಯನ್ನು, ಅಂದರೆ ವಂಶವಾಹಿಯಿಂದ ನಕಲಾಗಿ ಹೊರಟ ಆರ್‌ಎನ್‌ಎಯನ್ನು ನೋಡಬೇಕು. ಗದ್ದೆಗೆ ನೀರು ಕಟ್ಟುವುದು, ಬಿಡುವುದು, ಗೊಬ್ಬರ ಹಾಕುವುದು, ಇವೆಲ್ಲ ಆ ಚೀಟಿಗಳನ್ನು ಬದಲಾಯಿಸುವ ಕೆಲಸಗಳು. ಬೋರ್ಡು ಮಾತ್ರ ಬಹುಮಟ್ಟಿಗೆ ಹಾಗೆಯೇ ಇರುತ್ತದೆ.

ಶಾಮನೂರಿನ ಸುತ್ತಲಿನ ನೆಲದ ಕಥೆ ಇಲ್ಲಿ ಸ್ವಾರಸ್ಯವಾಗುತ್ತದೆ. ದಾವಣಗೆರೆ ಹೆಸರಾದದ್ದು ಹತ್ತಿಯಿಂದ, ಹತ್ತಿ ಗಿರಣಿಗಳಿಂದ. ಸುತ್ತಲ ಎರೆಭೂಮಿಯಲ್ಲಿ ಹತ್ತಿ, ಜೋಳ ಬೆಳೆಯುತ್ತಿದ್ದರು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, 1960ರ ದಶಕದಿಂದೀಚೆಗೆ ಬಲದಂಡೆ ನಾಲೆಯ ನೀರು ಹರಡಿದಂತೆ ಹೊಲಗಳು ಗದ್ದೆಗಳಾದವು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಾಳಿಯಾಡುತ್ತಿದ್ದ ಮಣ್ಣಿನಲ್ಲಿ, ಆಮ್ಲಜನಕ ಕಂಡರೆ ಆಗದ ಮೀಥೇನ್‌ಜನಕಗಳು ಎಲ್ಲಿಂದ ಬಂದವು? ನಾಲೆಯಲ್ಲಿ ತೇಲಿಕೊಂಡು ಬಂದವೆ? ಕೆಲವು ಬಂದಿರಬಹುದು. ಆದರೆ ಲೋಕದ ನಾನಾ ಕಡೆಯ ಒಣಮಣ್ಣುಗಳನ್ನು, ಮರುಭೂಮಿಯ ಮಣ್ಣನ್ನೂ ಸೇರಿಸಿ, ಪರೀಕ್ಷಿಸಿದ ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟಂತೆ, ಇವು ಒಣನೆಲದಲ್ಲೂ ವಿರಳವಾಗಿ ಅಡಗಿ ಕಾಯುತ್ತಿರುತ್ತವೆ. ನೀರು ನಿಂತು ಗಾಳಿ ತಪ್ಪಿದೊಡನೆ ಎಚ್ಚರಗೊಳ್ಳುತ್ತವೆ. ಹೇಗೆ ಕಾಯುತ್ತವೆ ಎಂಬುದಕ್ಕೂ ವಂಶವಾಹಿಯೇ ಉತ್ತರ ಹೇಳಿತು. ಜರ್ಮನಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಗಳ ವಿಜ್ಞಾನಿಗಳು ಭತ್ತದ ಗದ್ದೆಯ ಒಂದು ಪ್ರಮುಖ ಮೀಥೇನ್‌ಜನಕದ ಪೂರ್ತಿ ಜೀನೋಮನ್ನು 2006ರಲ್ಲಿ ಪ್ರಕಟಿಸಿದಾಗ, ಆಮ್ಲಜನಕದ ವಿಷವನ್ನು ಇಳಿಸುವ ಕಿಣ್ವಗಳ ವಂಶವಾಹಿಗಳು ಅದರಲ್ಲಿ ಒಂದು ದಂಡಾಗಿಯೇ ಸಿಕ್ಕಿದವು. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು, ಇದೇ ಗದ್ದೆಯ ಬಾಳು. ಆ ಬಾಳಿಗೆ ತಕ್ಕ ಬುತ್ತಿಯನ್ನು ಆ ಜೀವಿ ಕಟ್ಟಿಕೊಂಡಿದೆ.

ಕೆಸರಿನಲ್ಲಿ ಹುಟ್ಟಿದ ಮೀಥೇನ್ ಎಲ್ಲವೂ ಹೊರಗೆ ಬರುವುದಿಲ್ಲ. ಅದನ್ನೇ ತಿಂದು ಬದುಕುವ ಮೀಥೇನ್‌ಭಕ್ಷಕ ಬ್ಯಾಕ್ಟೀರಿಯಾಗಳೂ ಅಲ್ಲೇ ಇವೆ. ಅವುಗಳ ಗುರುತಿನ ವಂಶವಾಹಿ ಪಿ-ಎಂ-ಒ-ಎ. ಅವಕ್ಕೆ ಆಮ್ಲಜನಕ ಬೇಕು. ನೀರು ಮತ್ತು ಕೆಸರು ಸೇರುವ ತೆಳುಪದರದಲ್ಲಿ ಸ್ವಲ್ಪ ಸಿಗುತ್ತದೆ, ಭತ್ತದ ಬೇರಿನ ಸುತ್ತ ಇನ್ನಷ್ಟು ಸಿಗುತ್ತದೆ. ಭತ್ತದ ಪೈರು ತನ್ನ ಕಾಂಡದೊಳಗಿನ ಗಾಳಿ ಕೊಳವೆಗಳ ಮೂಲಕ ಬೇರಿಗೆ ಆಮ್ಲಜನಕ ಕಳಿಸುತ್ತದೆ. ನೀರು ನಿಂತ ಗದ್ದೆಯಿಂದ ಒಂದು ಬುಡವನ್ನು ಮೆಲ್ಲನೆ ಕಿತ್ತು ತೊಳೆದು ನೋಡಿ. ಸುತ್ತಲ ಕೆಸರು ಬೂದು ಬಣ್ಣದ್ದಾದರೂ ಬೇರಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು ಹಿಡಿದಿರುವುದು ಕಾಣುತ್ತದೆ. ಪೈರು ಆಮ್ಲಜನಕ ಇಳಿಸಿದ್ದಕ್ಕೆ ಅದೇ ರಶೀದಿ. ಆದರೆ ಅದೇ ಕೊಳವೆಯಲ್ಲಿ ಮೀಥೇನ್ ಮೇಲೇರುತ್ತದೆ. ಗದ್ದೆಯಿಂದ ಹೊರಬೀಳುವ ಮೀಥೇನಿನ ಬಹುಪಾಲು ಪೈರಿನ ಮೂಲಕವೇ ಹೋಗುತ್ತದೆ. ಒಂದೇ ಕೊಳವೆ, ಎರಡು ದಿಕ್ಕಿನ ಸಂಚಾರ!

ಇಷ್ಟು ತಿಳಿದ ಮೇಲೆ, ನಮ್ಮ ದೇಶದ ಮೇಲೆ ಬಿದ್ದ ಒಂದು ಆಪಾದನೆಯ ಕಥೆ ಹೇಳಬೇಕು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ, ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 3.78 ಕೋಟಿ ಟನ್ ಮೀಥೇನ್ ಬಿಡುತ್ತವೆ ಎಂದಿತ್ತು. ಆ ಅಂಕಿ ನಮ್ಮ ಗದ್ದೆಗಳಲ್ಲಿ ಅಳೆದದ್ದಲ್ಲ. ಅಮೆರಿಕ, ಯೂರೋಪುಗಳ ಗದ್ದೆಗಳಲ್ಲಿ ಅಳೆದದ್ದನ್ನು ನಮ್ಮ ವಿಸ್ತೀರ್ಣದಿಂದ ಗುಣಿಸಿ ಪಡೆದದ್ದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳುತನದಲ್ಲಿ ನಮ್ಮ ವಿಜ್ಞಾನಿಗಳು 1991ರಲ್ಲಿ ದೇಶದ ಹಲವು ಭಾಗಗಳ ಗದ್ದೆಗಳಿಗೆ ಇಳಿದರು. ಅಳೆಯುವ ವಿಧಾನ ಸರಳ: ಪೈರಿನ ಮೇಲೆ ಪಾರದರ್ಶಕವಾದ ಪೆಟ್ಟಿಗೆ ಬೋರಲು ಹಾಕಿ, ಒಳಗಿನ ಗಾಳಿಯನ್ನು ಹೊತ್ತುಹೊತ್ತಿಗೆ ಸಿರಿಂಜಿನಲ್ಲಿ ಹೀರಿ, ಮೀಥೇನ್ ಎಷ್ಟು ಹೆಚ್ಚಿತೆಂದು ಉಪಕರಣದಲ್ಲಿ ನೋಡುವುದು. ಲೆಕ್ಕ ಕೂಡಿಸಿದಾಗ ಬಂದದ್ದು ಸುಮಾರು 40 ಲಕ್ಷ ಟನ್, ಅಂದರೆ ಮೊದಲಿನ ಅಂದಾಜಿನ ಒಂಬತ್ತನೇ ಒಂದು ಭಾಗದಷ್ಟು!

ವ್ಯತ್ಯಾಸಕ್ಕೆ ಕಾರಣವನ್ನು ನೀವೇ ಈಗ ಊಹಿಸಬಲ್ಲಿರಿ. ನಮ್ಮ ಬಹಳಷ್ಟು ಗದ್ದೆಗಳಲ್ಲಿ ಬೆಳೆಯ ಕಾಲವೆಲ್ಲ ನೀರು ನಿಂತಿರುವುದಿಲ್ಲ. ಮಳೆ ಕೈಕೊಡುತ್ತದೆ, ನಾಲೆ ನಿಲ್ಲುತ್ತದೆ. ನಮ್ಮ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ಅನೇಕ ಕಡೆ ಹುಲ್ಲನ್ನು ಗದ್ದೆಯಲ್ಲಿ ಉಳದೆ ಬಣವೆ ಒಟ್ಟಿ ದನಗಳಿಗೆ ಹಾಕುತ್ತೇವೆ. ಹಸುವಿನ ಹೊಟ್ಟೆಯಲ್ಲೂ ಮೀಥೇನ್‌ಜನಕಗಳಿವೆ ಎಂಬುದು ನಿಜ, ಆ ಲೆಕ್ಕ ಬೇರೆ ಖಾತೆಯದು. ಕೊನೆಯ ಪಂಕ್ತಿಗೆ ನಮ್ಮ ಮಣ್ಣಿನಲ್ಲಿ ಉಳಿಯುವ ಊಟವೇ ಕಡಿಮೆ. ದೇಶದೇಶಗಳ ನಡುವೆ ಹೊಣೆ ಹಂಚುವ ಮಾತುಕತೆಗಳು ನಡೆಯುತ್ತಿದ್ದ ಕಾಲದಲ್ಲಿ, ಈ ಅಂಕಿ ನಮ್ಮ ರೈತರ ಮೇಲಿಂದ ಇಳಿಸಿದ ಹೊರೆ ಸಣ್ಣದಲ್ಲ. ಬೇರೆಯವರ ಮಣ್ಣಿನ ಗುಣವನ್ನು ನಮ್ಮ ಮಣ್ಣಿಗೆ ಆರೋಪಿಸುವಂತಿಲ್ಲ, ಅಳೆದೇ ನೋಡಬೇಕು.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಮೀಥೇನನ್ನು ಇನ್ನೂ ತಗ್ಗಿಸಿ ನೀರನ್ನೂ ಉಳಿಸುವ ಉಪಾಯವೊಂದನ್ನು ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದಿದೆ. ಗದ್ದೆಯಲ್ಲಿ ತೂತುಗಳಿರುವ ಒಂದು ಕೊಳವೆಯನ್ನು ಹೂಳುವುದು. ಅದರೊಳಗೆ ನೀರಿನ ಮಟ್ಟ ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಕಾದು ಮತ್ತೆ ನೀರು ಕಟ್ಟುವುದು. ನಾಟಿಯ ನಂತರದ ಮೊದಲ ಕೆಲವು ದಿನಗಳಲ್ಲೂ, ಹೂ ಬಿಡುವ ಹೊತ್ತಿನಲ್ಲೂ ಮಾತ್ರ ನೀರು ತಪ್ಪಿಸುವಂತಿಲ್ಲ. ಗದ್ದೆ ಉಸಿರಾಡಿದಾಗಲೆಲ್ಲ ಮೊದಲ ಪಂಕ್ತಿಗಳು ಮತ್ತೆ ಬಂದು ಕೂರುತ್ತವೆ, ಕೊನೆಯ ಪಂಕ್ತಿ ಕಾಯಬೇಕಾಗುತ್ತದೆ. ಮೀಥೇನ್ ಅರ್ಧದಷ್ಟು ಇಳಿದ ಉದಾಹರಣೆಗಳು ಬಹಳ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ಹೊರತಂದ ಎಂ.ಎ.ಎಸ್. 946-1 ಎಂಬ ಭತ್ತದ ತಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರು ನಿಲ್ಲಿಸದ ನೆಲದಲ್ಲೇ, ರಾಗಿ ಜೋಳದಂತೆ, ಬೆಳೆಯುವಂಥದು.

ಆದರೆ ಇಲ್ಲಿ ಎರಡು ಗಂಟುಗಳಿವೆ. ಮೊದಲನೆಯದು ಮಣ್ಣಿನದು. ಒದ್ದೆ-ಒಣ ಆಟದಲ್ಲಿ ಯೂರಿಯಾದ ಸಾರಜನಕವನ್ನು ನೈಟ್ರಸ್ ಆಕ್ಸೈಡ್ ಮಾಡಿ ಹಾರಿಸುವ ಸೂಕ್ಷ್ಮಜೀವಿಗಳಿಗೆ ಹುರುಪು ಬರುತ್ತದೆ. ಆ ಅನಿಲ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಗಾಳಿಯಾಡಿದಷ್ಟೂ ಮಣ್ಣಿನಲ್ಲಿ ಕೂಡಿಟ್ಟ ಇಂಗಾಲವೂ ಬೇಗ ಕೊಳೆಯುತ್ತದೆ. ಗೊಬ್ಬರವನ್ನು ಅಳತೆಮೀರಿ ಸುರಿಯದೆ ಹೊತ್ತು ನೋಡಿ ಹಾಕಿದರೆ, ಹಸಿ ಹುಲ್ಲಿನ ಬದಲು ಚೆನ್ನಾಗಿ ಕಳಿತ ಗೊಬ್ಬರ ಕೊಟ್ಟರೆ, ಲಾಭ ಲಾಭವಾಗಿಯೇ ಉಳಿಯುತ್ತದೆ.

ಎರಡನೆಯ ಗಂಟು ಮನುಷ್ಯರದು. ಗದ್ದೆಯಲ್ಲಿ ನಿಂತ ನೀರು ರೈತನಿಗೆ ಬ್ಯಾಂಕಿನಲ್ಲಿಟ್ಟ ಹಣ ಇದ್ದಂತೆ. ನಾಳೆ ನಾಲೆಯಲ್ಲಿ ನೀರು ಬರುತ್ತದೆ ಎಂಬ ಭರವಸೆ ಇದ್ದವನು ಇಂದು ಗದ್ದೆ ಒಣಗಿಸಿಯಾನು. ಭರವಸೆ ಇಲ್ಲದವನು ಬದು ಎತ್ತರಿಸಿ ಸಿಕ್ಕಷ್ಟು ನೀರು ತುಂಬಿಕೊಳ್ಳುತ್ತಾನೆ. 2023ರ ಬರದಲ್ಲಿ ಭದ್ರಾ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಾಲೆಯ ಕೊನೆಯಂಚಿನ ರೈತನ ಗದ್ದೆ ಆಗಾಗ ಒಣಗುವುದು ಹೊಸದಲ್ಲ. ಆದರೆ ತಾನಾಗಿ ಒಣಗಿಸುವುದಕ್ಕೂ, ನೀರು ಬಾರದೆ ಒಣಗುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಇಳುವರಿ ಉಳಿಯುತ್ತದೆ. ಎರಡನೆಯದರಲ್ಲಿ ಹೂ ಬಿಡುವ ಹೊತ್ತಿಗೇ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಅವನೂ ಕೊನೆಯ ಪಂಕ್ತಿಯವನೇ. ಮೀಥೇನ್ ತಗ್ಗಿಸಬೇಕೆಂದು ಅವನಿಗೆ ಬುದ್ಧಿ ಹೇಳುವ ಮುನ್ನ, ನೀರು ಯಾವ ದಿನ ಬರುತ್ತದೆಂದು ಅವನಿಗೆ ಹೇಳಬೇಕು. ಕೆಸರಿನ ವಂಶವಾಹಿಗಳಿಗೆ ಹೋಗುವ ಚೀಟಿ ಕೊನೆಗೂ ನಾಲೆಯ ತೂಬಿನಿಂದಲೇ ಹೊರಡುತ್ತದೆ.

ಈಗ ನಿಮ್ಮ ಕೆಲಸ. ಎರಡು ಅಗಲ ಬಾಯಿಯ ಗಾಜಿನ ಬಾಟಲಿಗಳಲ್ಲಿ ಒಂದೇ ಗದ್ದೆಯ ಮಣ್ಣು ಹಾಕಿ, ಒಂದೊಂದು ಹಿಡಿ ಕತ್ತರಿಸಿದ ಹುಲ್ಲು ಬೆರೆಸಿ. ಒಂದರಲ್ಲಿ ನಾಲ್ಕು ಬೆರಳು ನೀರು ನಿಲ್ಲಿಸಿ. ಇನ್ನೊಂದನ್ನು ಒದ್ದೆ ಮಾಡಿ, ಎರಡು ದಿನಕ್ಕೊಮ್ಮೆ ಕಡ್ಡಿಯಿಂದ ಕೆದಕಿ ಗಾಳಿಯಾಡಿಸಿ. ಮುಚ್ಚಳ ಬಿಗಿಯಬೇಡಿ, ಹತ್ತಿರ ಬೆಂಕಿ ತರಬೇಡಿ. ಮೂರು ನಾಲ್ಕು ವಾರ ದಿನವೂ ಬಣ್ಣ, ವಾಸನೆ, ಗುಳ್ಳೆಗಳನ್ನು ಬರೆದಿಡಿ. ನೀರು ನಿಂತ ಬಾಟಲಿಯ ಮಣ್ಣು ಬೂದು ಬಣ್ಣಕ್ಕೆ ತಿರುಗಿದರೆ, ಕಬ್ಬಿಣದ ಪಂಕ್ತಿ ನಡೆಯುತ್ತಿದೆ ಎಂದು ತಿಳಿಯಿರಿ. ಗುಳ್ಳೆಗಳಲ್ಲಿ ಮೊದಮೊದಲು ಬೇರೆ ಅನಿಲಗಳೂ ಇರುತ್ತವೆ. ಆದ್ದರಿಂದ ಕಂಡ ಗುಳ್ಳೆಯನ್ನೆಲ್ಲ ಮೀಥೇನ್ ಎಂದು ಬರೆಯಬೇಡಿ, ಗುಳ್ಳೆ ಎಂದಷ್ಟೇ ಬರೆಯಿರಿ. ಕೆಂಪು ಮಣ್ಣು, ಎರೆಮಣ್ಣು ಎರಡೂ ಸಿಕ್ಕರೆ ಹೋಲಿಸಿ ನೋಡಿ.

ನಿಮ್ಮ ಊರಿನ ನೀರುಗಂಟಿಯನ್ನೂ ಮಾತನಾಡಿಸಿ. ಹೋದ ಬೆಳೆಯಲ್ಲಿ ಯಾವ ಗದ್ದೆಗೆ ಎಷ್ಟು ದಿನ ನೀರು ನಿಂತಿತ್ತು, ಎಷ್ಟು ದಿನ ಒಣಗಿತ್ತು ಎಂದು ಕೇಳಿ ಒಂದು ಪಟ್ಟಿ ಮಾಡಿ. ಮುಂದೆ ಯಾರಾದರೂ ನಿಮ್ಮ ಗದ್ದೆಯ ಮಣ್ಣನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ವಂಶವಾಹಿಗಳನ್ನು ಎಣಿಸಿದಾಗ, ಆ ಎಣಿಕೆಗೆ ಅರ್ಥ ಬರಬೇಕಾದರೆ ಪಕ್ಕದಲ್ಲಿ ಈ ಪಟ್ಟಿಯೂ ಇರಬೇಕಾಗುತ್ತದೆ.